ಮಗಳ ಹೃದಯದ ಕಾಯಿಲೆಯನ್ನು ಮದುವೆ ಮಾತುಕತೆಯಲ್ಲಿ ಮುಚ್ಚಿಡಬೇಡಿ

ಉಪ್ಪಳದ ಹತ್ತಿರ ನಮ್ಮ ಉಪ್ಪನದ್ದೊಂದು ದಿನಸಿ ಅಂಗಡಿ. ಗಲ್ಲಾಪೆಟ್ಟಿಗೆಯ ಕೆಳಗೆ ಒಂದು ಮರದ ಡ್ರಾಯರ್ ಇದೆ. ಸಾಲದ ಪುಸ್ತಕ, ಕರೆಂಟ್ ಬಿಲ್ಲು, ರೇಷನ್ ಕಾರ್ಡು ಎಲ್ಲ ಅದರಲ್ಲೇ. ಎಲ್ಲದಕ್ಕಿಂತ ಅಡಿಯಲ್ಲಿ, ಹಳದಿ ರಟ್ಟಿನ ಒಂದು ಫೈಲು ಆರು ವರ್ಷ ಬಿದ್ದುಕೊಂಡಿತ್ತು. ಅದು ನನ್ನ ತಂಗಿಯ ಫೈಲು.

ಹನ್ನೆರಡನೇ ವಯಸ್ಸಿನಲ್ಲಿ ಅವಳಿಗೆ ಗಂಟಲು ನೋವು ಬಂತು. ಎರಡು ಮೂರು ವಾರದ ನಂತರ ಜ್ವರ, ಮೊಣಕಾಲು ಊತ. ಡಾಕ್ಟರ್ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಮಂಗಳೂರಿಗೆ ಕಳಿಸಿದರು. ಅಲ್ಲಿ ಎಕೋ ಮಾಡಿ, ರುಮ್ಯಾಟಿಕ್ ಜ್ವರದಿಂದ ಹೃದಯದ ವಾಲ್ವಿಗೆ ಪೆಟ್ಟಾಗಿದೆ, ಪ್ರತಿ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತಪ್ಪಿಸಬೇಡಿ ಎಂದರು. ಐದು ವರ್ಷ ತಪ್ಪಿಸಲಿಲ್ಲ. ಅವಳಿಗೆ ಹದಿನೇಳು ಆದಾಗ ಮನೆಯಲ್ಲಿ ಮದುವೆಯ ಮಾತು ಶುರುವಾಯಿತು. ತಿಂಗಳು ತಿಂಗಳು ಆಸ್ಪತ್ರೆಗೆ ಹೋಗುವ ಹುಡುಗಿಯನ್ನು ನಾಲ್ಕು ಜನ ನೋಡುತ್ತಾರಲ್ಲ ಎಂದು ಇಂಜೆಕ್ಷನ್ ನಿಂತಿತು. ಫೈಲು ಡ್ರಾಯರಿನ ಅಡಿಗೆ ಹೋಯಿತು.

ಇಪ್ಪತ್ತೆರಡಕ್ಕೆ ನಿಕಾಹ್ ಆಯಿತು. ಗಂಡಿನ ಕಡೆಯವರು ಒಳ್ಳೆಯವರು. ಮಾತುಕತೆಯ ದಿನ ನಾನೂ ಆ ಕೋಣೆಯಲ್ಲಿದ್ದೆ. 'ಹುಡುಗಿಗೆ ಆರೋಗ್ಯ ಹೇಗೆ' ಎಂದು ಅವರ ಕಡೆಯ ಹಿರಿಯರೊಬ್ಬರು ಕೇಳಿದರು. 'ಅಲ್‌ಹಮ್ದುಲಿಲ್ಲಾ' ಎಂದರು ಉಪ್ಪ. ನಾನು ಚಹಾದ ಗ್ಲಾಸು ನೋಡುತ್ತಾ ಕೂತೆ. ಹಾಗಾಗಿ ಈ ಬರಹದಲ್ಲಿ ಯಾರ ಮೇಲಾದರೂ ಬೆರಳು ತೋರಿಸುವುದಿದ್ದರೆ ಮೊದಲು ನನ್ನ ಮೇಲೆಯೇ.

2019ರಲ್ಲಿ ಅವಳು ಗರ್ಭಿಣಿಯಾದಳು. ಏಳನೇ ತಿಂಗಳಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು. ಎಲ್ಲರಿಗೂ ಹಾಗೆಯೇ ಎಂದರು ಹೆಂಗಸರು. ರಾತ್ರಿ ಎರಡು ದಿಂಬು ಬೇಕಾಯಿತು, ಆಮೇಲೆ ಮೂರು. ಮಲಗಿದರೆ ಕೆಮ್ಮು. ಶೀತ ಎಂದು ಕಷಾಯ ಕುಡಿಸಿದರು. ಅವಳ ಗಂಡನಿಗಾಗಲಿ, ಅತ್ತೆಗಾಗಲಿ ಹಳೆಯ ಕಥೆ ಗೊತ್ತಿಲ್ಲ. ಗೊತ್ತಿದ್ದ ನಾವು ದೂರದಲ್ಲಿದ್ದೆವು. ಹೆರಿಗೆಗೆಂದು ನಮ್ಮ ಮನೆಗೆ ಕರೆತಂದ ಎರಡನೇ ರಾತ್ರಿ ಅವಳು ಮಲಗಲಾಗದೆ ಕಿಟಕಿ ಹಿಡಿದು ಕೂತಿದ್ದನ್ನು ನೋಡಿ ಉಮ್ಮ ಡ್ರಾಯರ್ ತೆಗೆಸಿದರು. ಆ ಫೈಲು ಹಿಡಿದುಕೊಂಡು ನಡುರಾತ್ರಿ ತಲಪಾಡಿ ದಾಟಿದೆವು.

ನಾನು ಡಾಕ್ಟರ್ ಅಲ್ಲ, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಆರು ವರ್ಷ ಗಲ್ಫಿನಲ್ಲಿ ಪಂಪುಗಳ ರಿಪೇರಿ ಮಾಡಿದ್ದೇನೆ. ಡಾಕ್ಟರ್ ಒಂದು ಕಾಗದದಲ್ಲಿ ಚಿತ್ರ ಬರೆದು ತೋರಿಸಿದಾಗ ನನಗೆ ವಿಷಯ ಬೇಗ ಹತ್ತಿತು. ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಮೈಟ್ರಲ್ ಎಂಬ ವಾಲ್ವಿದೆ. ಶ್ವಾಸಕೋಶದಿಂದ ಬಂದ ರಕ್ತ ಇದರ ಮೂಲಕ ಕೆಳಗಿಳಿದು ದೇಹಕ್ಕೆ ಹೋಗಬೇಕು. ಸರಿಯಾದ ವಾಲ್ವು 4ರಿಂದ 6 ಚದರ ಸೆಂಟಿಮೀಟರ್ ತೆರೆದುಕೊಳ್ಳುತ್ತದೆ. 1.5ಕ್ಕೋ ಅದಕ್ಕಿಂತ ಕೆಳಗೋ ಇಳಿದರೆ ತೀವ್ರ. ರುಮ್ಯಾಟಿಕ್ ಜ್ವರ ಆ ವಾಲ್ವಿನ ಎಸಳುಗಳನ್ನು ಒಂದಕ್ಕೊಂದು ಅಂಟಿಸಿ ಬಾಯಿಯನ್ನು ಕಿರಿದು ಮಾಡುತ್ತದೆ.

ಅಡಿಕೆ ತೋಟದ ಪಂಪಿನ ವಾಲ್ವು ಅರ್ಧ ಮುಚ್ಚಿಕೊಂಡರೆ ಏನಾಗುತ್ತದೆಂದು ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ನೀರು ಕಡಿಮೆ ಇದ್ದಾಗ ಹೇಗೋ ನಡೆಯುತ್ತದೆ. ಹೆಚ್ಚು ನೀರು ಬಿಟ್ಟರೆ ವಾಲ್ವಿನ ಹಿಂದೆ ಒತ್ತಡ ಏರಿ ಪೈಪಿನ ಸಂದಿಯಲ್ಲಿ ಜಿನುಗಲು ಶುರು. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ಹೃದಯದ ಬಡಿತವೂ ಏರುತ್ತದೆ. ಬಡಿತ ಏರಿದಷ್ಟೂ ಎರಡು ಬಡಿತದ ನಡುವೆ ಆ ಕಿರಿದಾದ ಬಾಯಿಯಿಂದ ರಕ್ತ ಇಳಿಯಲು ಸಮಯ ಕಡಿಮೆ. ಇಳಿಯದ ರಕ್ತದ ಒತ್ತಡ ಹಿಂದಕ್ಕೆ, ಶ್ವಾಸಕೋಶಕ್ಕೆ. ಅಲ್ಲಿ ನೀರು ಜಿನುಗುತ್ತದೆ. ತಂಗಿಯ ಕೆಮ್ಮು ಶೀತದ್ದಲ್ಲ, ಆ ನೀರಿನದ್ದು. ಮದುವೆಯವರೆಗೆ ಅವಳು ಆರಾಮವಾಗಿದ್ದಳಲ್ಲ ಎಂಬ ನಮ್ಮ ವಾದಕ್ಕೂ ಇದರಲ್ಲೇ ಉತ್ತರ ಇದೆ. ಹೊರೆ ಬೀಳುವವರೆಗೆ ಕಿರಿದಾದ ವಾಲ್ವು ಸುದ್ದಿ ಹೇಳುವುದಿಲ್ಲ.

ಬಡಿತ ನಿಧಾನ ಮಾಡುವ ಮಾತ್ರೆ, ನೀರು ಇಳಿಸುವ ಮಾತ್ರೆ ಕೊಟ್ಟು, ವಿಶ್ರಾಂತಿಯಲ್ಲಿಟ್ಟು ವಾರಗಳನ್ನು ದಾಟಿಸಿದರು. ಹೃದಯದ ಡಾಕ್ಟರ್, ಹೆರಿಗೆಯ ಡಾಕ್ಟರ್, ಅರಿವಳಿಕೆಯ ಡಾಕ್ಟರ್ ಮೂವರೂ ಕೂತು ಮೊದಲೇ ಯೋಜನೆ ಬರೆದಿಟ್ಟರು. ನಾವೆಲ್ಲ ಆಪರೇಷನ್ ಆಗಲಿ ಎಂದುಕೊಂಡಿದ್ದೆವು. ಹೃದಯದ ಕಾಯಿಲೆ ಇರುವ ಬಹುಪಾಲು ಹೆಂಗಸರಿಗೆ ನೋವು ಕಡಿಮೆ ಮಾಡಿ ಮಾಡಿಸುವ ಸಹಜ ಹೆರಿಗೆಯೇ ಕ್ಷೇಮ, ಬೇರೆ ಕಾರಣ ಇದ್ದರೆ ಮಾತ್ರ ಸಿಸೇರಿಯನ್ ಎಂದು ಅವರು ವಿವರಿಸಿದರು. 2020ರ ಜನವರಿಯಲ್ಲಿ ಹೆಣ್ಣುಮಗು ಹುಟ್ಟಿತು.

ಮಗು ಬಂದ ಕೂಡಲೇ ನಾವೆಲ್ಲ ಗೆದ್ದೆವು ಎಂದುಕೊಂಡೆವು. ಮಿಠಾಯಿ ಹಂಚಿದೆವು. ಎಲ್ಲರೂ ತೊಟ್ಟಿಲಿನ ಸುತ್ತ. ಮೂರನೇ ದಿನ ಬೆಳಗಿನ ಜಾವ ತಂಗಿಗೆ ಮತ್ತೆ ಉಸಿರು ಕಟ್ಟಿತು. ಈ ಸಲ ಕೆಮ್ಮಿದರೆ ಗುಲಾಬಿ ಬಣ್ಣದ ನೊರೆ. ಆಸ್ಪತ್ರೆಯಲ್ಲೇ ಇದ್ದುದರಿಂದ ಐಸಿಯುಗೆ ಒಯ್ದರು, ಉಳಿದಳು. ಮನೆಯಲ್ಲಿದ್ದಿದ್ದರೆ ಏನಾಗುತ್ತಿತ್ತು ಎಂದು ನಾನು ಈಗಲೂ ಯೋಚಿಸಲು ಹೋಗುವುದಿಲ್ಲ.

ಹೀಗಾಗುವುದಕ್ಕೂ ಕಾರಣ ಇದೆ. ಹೆರಿಗೆ ನೋವಿನ ಒಂದೊಂದು ಅಲೆಯಲ್ಲೂ ಗರ್ಭಕೋಶ 300ರಿಂದ 500 ಮಿಲಿಲೀಟರ್ ರಕ್ತವನ್ನು ತಾಯಿಯ ರಕ್ತನಾಳಕ್ಕೆ ಒತ್ತಿ ಕಳಿಸುತ್ತದೆ. ಮಗು ಹೊರಬಂದ ಮೇಲೆ ಗರ್ಭಕೋಶ ಕುಗ್ಗಿ, ಅಲ್ಲಿದ್ದ ರಕ್ತವೆಲ್ಲ ಹೃದಯದ ಕಡೆಗೆ ತಿರುಗುತ್ತದೆ. ಮೈಯಲ್ಲಿ ನಿಂತ ನೀರೂ ಮರಳುತ್ತದೆ. ಹಾಗಾಗಿ ಹೆರಿಗೆಯಾದ ಮೊದಲ ಎರಡು ಮೂರು ದಿನ ಇಂಥ ತಾಯಂದಿರಿಗೆ ಅತಿ ಅಪಾಯದ ದಿನಗಳು. ಬೇಗ ಡಿಸ್ಚಾರ್ಜ್ ಮಾಡಿ ಎಂದು ನಾವು ಗಲಾಟೆ ಮಾಡುವುದೂ ಅದೇ ದಿನಗಳಲ್ಲಿ.

ಇದು ನಮ್ಮ ಮನೆಯೊಂದರ ಕಥೆ ಅಲ್ಲ. ಚೆನ್ನೈನ ಮದ್ರಾಸ್ ಮೆಡಿಕಲ್ ಕಾಲೇಜಿನವರು 2016ರಿಂದ 2019ರವರೆಗೆ ಹೃದಯದ ಕಾಯಿಲೆಯಿದ್ದ 1,005 ಗರ್ಭಿಣಿಯರನ್ನು ಗಮನಿಸಿ ಲೆಕ್ಕ ಇಟ್ಟರು. ಹತ್ತರಲ್ಲಿ ಆರು ಜನರದ್ದು ರುಮ್ಯಾಟಿಕ್ ಕಾಯಿಲೆ. ನೂರಕ್ಕೆ ಸುಮಾರು ಇಬ್ಬರು ತಾಯಂದಿರು ತೀರಿಕೊಂಡರು. ನಮ್ಮ ಕೇರಳದಲ್ಲಿ ಲಕ್ಷ ಹೆರಿಗೆಗೆ 19 ತಾಯಂದಿರ ಸಾವು ಎಂದು 2018-20ರ ಸರಕಾರಿ ಲೆಕ್ಕ. ದೇಶದ್ದು 97, ಕರ್ನಾಟಕದ್ದು 69. ಇದು ಹೆಮ್ಮೆಯ ಸಂಗತಿ. ಇಲ್ಲಿನ ಹೆರಿಗೆ ಡಾಕ್ಟರರ ಸಂಘ 2004ರಿಂದ ಪ್ರತಿ ತಾಯಿಯ ಸಾವಿನ ಕಾರಣವನ್ನು ಗುಟ್ಟಾಗಿ ಪರಿಶೀಲಿಸುತ್ತಾ ಬಂದಿದೆ. ಹೆಸರು ಹೇಳುವುದಿಲ್ಲ, ಬೈಯುವುದಿಲ್ಲ, ತಪ್ಪೆಲ್ಲಿ ಎಂದು ಮಾತ್ರ ಹುಡುಕುತ್ತಾರೆ. ಮನೆಗಳಲ್ಲಿ ನಾವೂ ಹಾಗೆ ಮಾತಾಡಲು ಕಲಿಯಬೇಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. 'ಹೇಳಿದರೆ ಯಾರು ಮದುವೆಯಾಗುತ್ತಾರೆ?' ಈ ಪ್ರಶ್ನೆಯನ್ನು ನಾನು ಹಗುರ ಮಾಡುವುದಿಲ್ಲ. ಹೇಳಿದ ಕಾರಣಕ್ಕೆ ಸಂಬಂಧ ತಪ್ಪಿದ ಮನೆಗಳು ನನಗೆ ಗೊತ್ತು. ಹೆಣ್ಣು ಹೆತ್ತವರ ಹೆದರಿಕೆ ಸುಳ್ಳಲ್ಲ. ಆದರೆ ಎರಡು ವಿಷಯ ಹೇಳುತ್ತೇನೆ.

ಒಂದು, 'ಹೃದಯದ ಕಾಯಿಲೆ' ಎಂಬ ಬರೀ ಮಾತು ಹೆದರಿಸುತ್ತದೆ, ಡಾಕ್ಟರರ ಕಾಗದ ಅಷ್ಟು ಹೆದರಿಸುವುದಿಲ್ಲ. ಗರ್ಭಧಾರಣೆಯ ಅಪಾಯದ ಪ್ರಕಾರ ಹೃದಯದ ಕಾಯಿಲೆಗಳನ್ನು ದರ್ಜೆ ದರ್ಜೆಯಾಗಿ ವಿಂಗಡಿಸಿಟ್ಟಿದ್ದಾರೆ. ಚಿಕ್ಕಂದಿನಲ್ಲೇ ಮುಚ್ಚಿಸಿದ ಸಣ್ಣ ರಂಧ್ರದಂಥದ್ದಕ್ಕೆ ಅಪಾಯ ಬಹಳ ಕಡಿಮೆ. ನಡುವಿನ ದರ್ಜೆಗಳಲ್ಲಿ ಎಚ್ಚರ ಬೇಕು, ಒಳ್ಳೆಯ ಆಸ್ಪತ್ರೆ ಬೇಕು. ಕೊನೆಯ ದರ್ಜೆಯಲ್ಲಿ, ಅಂದರೆ ಶ್ವಾಸಕೋಶದ ರಕ್ತನಾಳದಲ್ಲಿ ಅತಿ ಒತ್ತಡ ಇರುವವರು, ತೀವ್ರವಾಗಿ ಕಿರಿದಾದ ಮೈಟ್ರಲ್ ವಾಲ್ವು ಇರುವವರು, ಹೃದಯದ ಶಕ್ತಿ ತೀರಾ ಕುಂದಿದವರು, ಇವರಿಗೆ ಗರ್ಭ ಬೇಡ ಎನ್ನುತ್ತಾರೆ. ಇವರಲ್ಲೂ ಕೆಲವರಿಗೆ ವಾಲ್ವು ಸರಿಪಡಿಸಿದ ಮೇಲೆ ದಾರಿ ತೆರೆಯುತ್ತದೆ. ಮದುವೆಗೆ ಮುಂಚೆ ಒಂದು ಎಕೋ ಮಾಡಿಸಿ, ಹೃದಯದ ಡಾಕ್ಟರರಲ್ಲಿ 'ಇವಳಿಗೆ ಮಗು ಆಗಬಹುದೇ, ಏನು ಎಚ್ಚರ ಬೇಕು' ಎಂದು ಬರೆಸಿಕೊಂಡರೆ ಹುಡುಗಿಯ ಕೈಯಲ್ಲಿ ಉತ್ತರ ಇರುತ್ತದೆ.

ಎರಡು, ಮುಚ್ಚಿಟ್ಟದ್ದು ಉಳಿಯುವುದಿಲ್ಲ. ಐಸಿಯು ಬಾಗಿಲಲ್ಲಿ ನಮ್ಮ ಕಥೆಯೂ ಹೊರಬಿತ್ತು. ತಂಗಿಯ ಅತ್ತೆ ಕೂಗಾಡುತ್ತಾರೆ ಎಂದುಕೊಂಡಿದ್ದೆವು. ಅವರು ಉಮ್ಮನ ಪಕ್ಕ ಕೂತು ಹೇಳಿದ್ದು ಇಷ್ಟೇ: 'ನನ್ನಲ್ಲಿ ಒಂದು ಮಾತು ಹೇಳಿದ್ದರೆ ನಾನು ಅವಳ ಕೈಯಿಂದ ಬಾವಿಯ ನೀರು ಎಳೆಸುತ್ತಿರಲಿಲ್ಲವಲ್ಲ.' ಅವರು ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ನಾವು ಮುಚ್ಚಿಟ್ಟದ್ದರಿಂದ ಅವಳನ್ನು ನೋಡಿಕೊಳ್ಳಬಹುದಾಗಿದ್ದ ಒಬ್ಬ ತಾಯಿಗೂ ನೋಡಿಕೊಳ್ಳಲು ಆಗಲಿಲ್ಲ.

ಗಂಡುಮಕ್ಕಳಿರುವ ಮನೆಯವರಿಗೂ ಒಂದು ಮಾತು. ಹೆಣ್ಣಿನವರು ಸತ್ಯ ಹೇಳಬೇಕೆಂದರೆ ನಮ್ಮ ಕಿವಿಯೂ ಸರಿಯಿರಬೇಕು. ಹುಡುಗನ ಸಕ್ಕರೆ ಕಾಯಿಲೆ, ಅವನ ಸಿಗರೇಟು, ಇದನ್ನು ನಮ್ಮಲ್ಲಿ ಯಾರು ಕೇಳುತ್ತಾರೆ? ಕೆಲವು ಜಮಾಅತ್‌ಗಳಲ್ಲಿ ಮದುವೆಗೆ ಮುಂಚೆ ತರಗತಿ ನಡೆಸುತ್ತಾರೆ. ಅದರಲ್ಲಿ ಒಂದು ಗಂಟೆ ಒಬ್ಬ ಡಾಕ್ಟರರಿಗೆ ಕೊಡಿ. ಹುಡುಗ ಹುಡುಗಿ ಇಬ್ಬರೂ ಕೇಳಲಿ.

ಇನ್ನು ಮನೆಯಲ್ಲಿ ಗಮನಿಸಬೇಕಾದದ್ದು. ಗರ್ಭಿಣಿಗೆ ಸ್ವಲ್ಪ ಏದುಸಿರು, ಕಾಲು ಊತ ಸಹಜ, ನಿಜ. ಆದರೆ ಚಪ್ಪಟೆ ಮಲಗಲು ಆಗದಿದ್ದರೆ, ರಾತ್ರಿ ಉಸಿರು ಕಟ್ಟಿ ಎದ್ದು ಕೂತರೆ, ಕೆಮ್ಮಿನಲ್ಲಿ ರಕ್ತ ಅಥವಾ ನೊರೆ ಕಂಡರೆ, ಎದೆ ನೋವು ಬಂದರೆ, ತಲೆಸುತ್ತಿ ಬಿದ್ದರೆ, ಕೂತಲ್ಲೇ ಎದೆ ಡಬಡಬ ಹೊಡೆದುಕೊಂಡರೆ ಅದು ಸಹಜ ಅಲ್ಲ. ಮರುದಿನಕ್ಕೆ ಕಾಯಬೇಡಿ. ಮೊದಲೇ ಕಾಯಿಲೆ ಇಲ್ಲದವರಿಗೂ ಹೆರಿಗೆಯ ಕೊನೆಯ ತಿಂಗಳಿನಿಂದ ಹಿಡಿದು ಹೆರಿಗೆಯಾದ ಐದು ತಿಂಗಳವರೆಗೆ ಹೃದಯದ ಸ್ನಾಯು ದಿಢೀರನೆ ಬಲ ಕಳೆದುಕೊಳ್ಳುವ ಒಂದು ಕಾಯಿಲೆ ಬರಬಹುದು. ಅದು ಅಪರೂಪ. ಆದರೆ ಬಾಣಂತಿಯ ಸುಸ್ತು, ನಿದ್ದೆಗೆಟ್ಟ ಸುಸ್ತು ಎಂದು ಎಲ್ಲವನ್ನೂ ತಳ್ಳಿಹಾಕುವ ನಮ್ಮ ಮನೆಗಳಲ್ಲಿ ಅದು ಸುಲಭವಾಗಿ ಅಡಗಿಕೊಳ್ಳುತ್ತದೆ.

ನಮ್ಮ ನಲ್ವತ್ತು ದಿನದ ಬಾಣಂತನ ಒಳ್ಳೆಯ ಪದ್ಧತಿ. ತಾಯಿಗೆ ವಿಶ್ರಾಂತಿ ಸಿಗುತ್ತದೆ. ಆದರೆ ಹೃದಯದ ಕಾಯಿಲೆ ಇರುವ ಬಾಣಂತಿಗೆ ಉಪ್ಪು ವಿಷವಿದ್ದಂತೆ. ಒಣಮೀನು, ಉಪ್ಪಿನಕಾಯಿ, ಉಪ್ಪಿನ ಗಂಜಿ ಬೇಡ. ಎಷ್ಟು ನೀರು ಕುಡಿಯಬಹುದು ಎಂದು ಡಾಕ್ಟರರಲ್ಲೇ ಕೇಳಿ. ಹೊಗೆ ತುಂಬಿದ ಬಚ್ಚಲಲ್ಲಿ ಕುದಿಯುವ ನೀರಿನ ಸ್ನಾನವನ್ನೂ ಕೇಳಿಯೇ ಮಾಡಿಸಿ. ಲೇಹ, ಕಷಾಯ ಏನು ಕೊಟ್ಟರೂ ಡಾಕ್ಟರರಿಗೆ ಹೇಳಿ, ಮುಖ್ಯವಾಗಿ ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಿಗೆ. ರಮಳಾನ್ ಬಂದರೆ ರೋಗಿಗೂ, ತನ್ನ ಅಥವಾ ಮಗುವಿನ ಆರೋಗ್ಯಕ್ಕೆ ಭಯವಿರುವ ಗರ್ಭಿಣಿಗೂ, ಹಾಲೂಡಿಸುವ ತಾಯಿಗೂ ಉಪವಾಸದಲ್ಲಿ ರಿಯಾಯಿತಿ ಇದೆ. ದೀನ್ ಕೊಟ್ಟ ರಿಯಾಯಿತಿಯನ್ನು ಜನ ಏನೆನ್ನುತ್ತಾರೋ ಎಂದು ನಾವು ಕಿತ್ತುಕೊಳ್ಳಬಾರದು.

ಮಾತ್ರೆಗಳ ಬಗ್ಗೆ ಒಂದು ಗಟ್ಟಿ ಮಾತು. ಕೃತಕ ಲೋಹದ ವಾಲ್ವು ಹಾಕಿಸಿಕೊಂಡವರು ಜೀವನಪರ್ಯಂತ ವಾರ್ಫರಿನ್‌ನಂಥ ಮಾತ್ರೆ ತಿನ್ನಬೇಕು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ತಯಾರಾದ ನಮ್ಮ ದೇಶದ ಮೊದಲ ಕೃತಕ ವಾಲ್ವನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿ ಒಬ್ಬ ರೋಗಿಗೆ ಹಾಕಿದರು. ಗಟ್ಟಿ ಲೋಹದ ಚೌಕಟ್ಟಿನಲ್ಲಿ ಪ್ಲಾಸ್ಟಿಕ್ಕಿನ ಬಿಲ್ಲೆಯೊಂದು ಓರೆಯಾಗಿ ತೆರೆದು ಮುಚ್ಚುತ್ತದೆ. ಅದರ ಚಿತ್ರ ನೋಡಿದಾಗ ನನ್ನಂಥ ಪಂಪಿನವನಿಗೆ ಕೈಮುಗಿಯುವಷ್ಟು ಸಂತೋಷವಾಯಿತು. ಆದರೆ ಅಂಥ ವಾಲ್ವಿಗೆ ರಕ್ತ ಹೆಪ್ಪುಗಟ್ಟಬಾರದು. ಮೊದಲ ಮೂರು ತಿಂಗಳಲ್ಲಿ ವಾರ್ಫರಿನ್ ಮಗುವಿಗೆ ತೊಂದರೆ ಮಾಡಬಹುದು, ಹೆಚ್ಚು ಪ್ರಮಾಣವಾದರೆ ಇನ್ನೂ ಜಾಸ್ತಿ. ಹಾಗೆಂದು ತಾನಾಗಿಯೇ ನಿಲ್ಲಿಸಿದರೆ ವಾಲ್ವು ಕಟ್ಟಿಕೊಂಡು ತಾಯಿಯ ಜೀವಕ್ಕೇ ಸಂಚಕಾರ. ಮಾತ್ರೆಯೋ, ಹೆಪಾರಿನ್ ಇಂಜೆಕ್ಷನ್ನೋ, ಯಾವ ತಿಂಗಳಲ್ಲಿ ಯಾವುದು ಎಂದು ಗರ್ಭಕ್ಕೆ ಮುಂಚೆಯೇ ಡಾಕ್ಟರ್ ನಿರ್ಧರಿಸಬೇಕು. ಮದುವೆಯಾಗದ ಹುಡುಗಿಗೆ ವಾಲ್ವು ಹಾಕಿಸುವ ಮುಂಚೆ ಮುಂದೆ ಮಕ್ಕಳ ವಿಷಯ ಏನು ಎಂದು ಕೇಳಲು ನಾಚಬೇಡಿ. ಹೆರಿಗೆಯ ನಂತರ ವಾರ್ಫರಿನ್ ತಿನ್ನುವ ತಾಯಿ ಹಾಲೂಡಿಸಬಹುದು. ಪೆನಿಸಿಲಿನ್ ಇಂಜೆಕ್ಷನ್ ಗರ್ಭದಲ್ಲೂ ನಿಲ್ಲಿಸಬೇಕಾಗಿಲ್ಲ.

ಗಂಡಂದಿರಿಗೆ ಒಂದು ವಿಷಯ ನೇರವಾಗಿ ಹೇಳಬೇಕು. ಮುಂದಿನ ಮಗು ಯಾವಾಗ, ಬೇಕೇ ಬೇಡವೇ ಎಂಬುದು ಅತ್ತೆಯೋ ನೆರೆಮನೆಯವರೋ ಹೇಳುವ ವಿಷಯ ಅಲ್ಲ, ಎಕೋ ರಿಪೋರ್ಟು ನೋಡಿ ಡಾಕ್ಟರ್ ಹೇಳುವ ವಿಷಯ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು. ವಾಲ್ವಿನ ಕಾಯಿಲೆಯವರು ಅದನ್ನು ಕೇಳದೆ ತಿನ್ನಬಾರದು. ಕಾಪರ್ ಟಿ ಮುಂತಾದ ಬೇರೆ ದಾರಿಗಳಿವೆ. ಗಂಡ ಹೊಣೆ ಹೊರುವ ದಾರಿಯೂ ಇದೆ.

ಕೊನೆಗೆ ನಮ್ಮ ಜಿಲ್ಲೆಯ ಮಾತು. ತಂಗಿಯ ವಾಲ್ವನ್ನು ಬಲೂನಿನಿಂದ ಅಗಲ ಮಾಡಲು 2020ರ ಮಾರ್ಚ್ ಕೊನೆಗೆ ಮಂಗಳೂರಿನಲ್ಲಿ ದಿನ ಕೊಟ್ಟಿದ್ದರು. ಅದೇ ವಾರ ಲಾಕ್‌ಡೌನ್. ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ಹಿಂದಿರುಗಿದವು. ಮಂಗಳೂರು ತಲುಪಲಾಗದೆ ನಮ್ಮ ಜಿಲ್ಲೆಯ ಹಲವು ರೋಗಿಗಳು ತೀರಿಹೋದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶ ಕೊಟ್ಟು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ಒಪ್ಪಂದವಾಗಲು ಏಪ್ರಿಲ್ 7 ಆಯಿತು. ಆ ದಿನಗಳಲ್ಲಿ ನಾನು ತಂಗಿಯ ಮಾತ್ರೆಗಳನ್ನು ದಿನಾ ಎಣಿಸುತ್ತಿದ್ದೆ. ಅವಳ ಬಲೂನ್ ಚಿಕಿತ್ಸೆ ಆದದ್ದು ಮಳೆಗಾಲ ಕಳೆದ ಮೇಲೆ.

ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದ್ದರು. 2020ರ ಏಪ್ರಿಲಿನಲ್ಲಿ ಕೊರೋನ ಬಂದ ಮೇಲೆಯೇ ಆ ಕಟ್ಟಡದಲ್ಲಿ ರೋಗಿಗಳಿಗೆ ಹಾಸಿಗೆ ಹಾಕಿದ್ದು. ಉತ್ತರಕ್ಕೆ ಮಂಗಳೂರು, ದಕ್ಷಿಣಕ್ಕೆ ಪರಿಯಾರಂ, ನಡುವೆ ನಾವು. ಹೃದಯದ ಡಾಕ್ಟರ್, ಹೆರಿಗೆಯ ಡಾಕ್ಟರ್, ಐಸಿಯು ಒಂದೇ ಸೂರಿನಡಿ ಹಗಲು ರಾತ್ರಿ ಇರುವ ಸರಕಾರಿ ವ್ಯವಸ್ಥೆ ಜಿಲ್ಲೆಯೊಳಗೇ ಬೇಕು ಎಂದು ಓಟು ಕೇಳಲು ಬರುವ ಎಲ್ಲ ಪಕ್ಷದವರಲ್ಲೂ ಕೇಳಬೇಕು. ಬೇರೆ ರಾಜ್ಯದ ಗೇಟಿನ ಮೇಲೆ ನಮ್ಮ ಹೆಣ್ಣುಮಕ್ಕಳ ಉಸಿರು ನಿಂತಿರಬಾರದು.

ಅಲ್ಲಿಯವರೆಗೆ ಇರುವುದನ್ನು ಬಳಸೋಣ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ, ಅಲ್ಲಿ ಹಳೆಯ ಕಾಯಿಲೆ ಹೇಳಿ. ಮನೆಗೆ ಬರುವ ಆಶಾ ಕಾರ್ಯಕರ್ತೆಯಿಂದ ಮುಚ್ಚಿಡಬೇಡಿ. ತುರ್ತಿಗೆ 108 ಇದೆ. ಅರ್ಹ ಕುಟುಂಬಗಳಿಗೆ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಹುಟ್ಟಿದ ಮಗುವಿನ ಹೃದಯದಲ್ಲಿ ದೋಷ ಇದ್ದರೆ ಹೃದ್ಯಂ ಯೋಜನೆ ಇದೆ. ಮತ್ತೊಂದು ಸಣ್ಣ ಕೆಲಸ ಮಾಡಿ. ಕಾಯಿಲೆಯ ಹೆಸರು, ವಾಲ್ವಿನ ಅಳತೆ, ತಿನ್ನುವ ಮಾತ್ರೆ, ಹೆರಿಗೆ ಎಲ್ಲಿ ಎಂಬುದನ್ನು ಡಾಕ್ಟರರ ಕೈಯಲ್ಲೇ ಒಂದು ಹಾಳೆಯಲ್ಲಿ ಬರೆಸಿ, ಫೋಟೋ ತೆಗೆದು ಗಂಡನ, ತಾಯಿಯ, ಅತ್ತೆಯ ಮೂವರ ಫೋನಿನಲ್ಲೂ ಇಡಿ. ಹೆರಿಗೆಗೆ ತವರಿಗೆ ಬರುವಾಗ ಹುಡುಗಿಯ ಜೊತೆ ಬಟ್ಟೆಯ ಬ್ಯಾಗು ಬರುತ್ತದೆ, ಫೈಲು ಗಂಡನ ಮನೆಯಲ್ಲೇ ಉಳಿಯುತ್ತದೆ. ಗಡಿ ದಾಟಿದರೆ ನಮ್ಮ ಮಲಯಾಳಂ ಕಾರ್ಡು ಓದುವವರು ಸಿಗುವುದಿಲ್ಲ. ಆ ಒಂದು ಹಾಳೆ ಇದ್ದರೆ ಎಲ್ಲಿ ಹೋದರೂ ನಡೆಯುತ್ತದೆ.

ತಂಗಿ ಈಗ ಆರಾಮವಾಗಿದ್ದಾಳೆ. ಇಂಜೆಕ್ಷನ್ ಮತ್ತೆ ಶುರುವಾಗಿದೆ, ವರ್ಷಕ್ಕೊಮ್ಮೆ ಎಕೋ. ಒಂದೇ ಮಗು ಸಾಕು ಎಂದು ಗಂಡ ಹೆಂಡತಿ ಮಾತಾಡಿಕೊಂಡು ತೀರ್ಮಾನಿಸಿದ್ದಾರೆ. ಆ ಮಗುವಿಗೆ ಗಂಟಲು ನೋವು ಬಂದರೆ ಮನೆಯಲ್ಲಿ ಯಾರೂ ಕಷಾಯ ಎನ್ನುವುದಿಲ್ಲ, ಮೊದಲು ಡಾಕ್ಟರಲ್ಲಿಗೆ. ಹಳದಿ ಫೈಲು ಈಗ ನಮ್ಮ ಅಂಗಡಿಯಲ್ಲಿಲ್ಲ. ಅವಳ ಅತ್ತೆಯ ಕಪಾಟಿನಲ್ಲಿ, ಒಡವೆಯ ಪೆಟ್ಟಿಗೆಯ ಪಕ್ಕದಲ್ಲಿದೆ. ಇಂಜೆಕ್ಷನಿನ ದಿನ ಹತ್ತಿರ ಬಂದರೆ ಅವರೇ ತಂಗಿಗೆ ನೆನಪಿಸುತ್ತಾರೆ.

ನಿಮ್ಮ ಮನೆಯ ಡ್ರಾಯರಿನಲ್ಲೂ ಅಂಥ ಫೈಲು ಇದ್ದರೆ ಇವತ್ತೇ ಹೊರತೆಗೆಯಿರಿ. ಯಾರಿಗೆ ಗೊತ್ತಾಗಬೇಕೋ ಅವರಿಗೆ ಗೊತ್ತಾಗಲಿ.